ಬಾಗಿಲಿಗೆ ಕಡಿ ಹಾಕಿಲ್ಲ

ಗೋರೆಗಾಂವ್, ಮುಂಬಯಿ
೯ ಜೂನ್ ೧೯೮೬

ಪೂಜ್ಯ ಅಣ್ಣಯ್ಯನವರಿಗೆ ವಿಮಲಾ ಮಾಡುವ ನಮಸ್ಕಾರಗಳು.

‘ಇತ್ತ ನಾವೆಲ್ಲ ಕ್ಷೇಮ’ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಬರೆಯಲು ಹೋದೆ, ‘ಎಲ್ಲ’ ಅನ್ನುವಲ್ಲಿ ಪೆನ್ನು ನಿಂತಿತು.

ನಾಣಿ ಹೋದದ್ದನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಅಕ್ಟೋಬರಿನಲ್ಲಿ ಮತ್ತೆ ಕೂತಿದ್ದ ಹನ್ನೆರಡನೇ ತರಗತಿಯ ಪರೀಕ್ಷೆಯ ಫಲಿತಾಂಶ ಫೆಬ್ರವರಿಯಲ್ಲಿ ಬಂತು, ಎರಡನೇ ಸಲವೂ ಫೇಲು. ಮರುದಿನ ಬೆಳಿಗ್ಗೆ ಇವರು ಬಾಂದ್ರಾದ ಆಫೀಸಿಗೆ ಹೊರಟು ಷೂ ಲೇಸು ಕಟ್ಟುತ್ತಿದ್ದರು. ಬಗ್ಗಿಕೊಂಡೇ ಅಂದರು: “ನನಗೊಬ್ಬ ಮಗ ಇದ್ದ, ತೀರಿಹೋದ ಅಂದ್ಕೋತೀನಿ ಬಿಡು.” ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ನಡುವೆ ಹೋಗುತ್ತಿದ್ದೆ. ನಾಣಿ ಪಾವು ಹುಳಿ ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟು, ಕ್ಲಾಸಿಗೆ ಹೋಗುವವನ ಹಾಗೆ ಬ್ಯಾಗು ಹಾಕಿಕೊಂಡು ಹೋದ. ಅಷ್ಟೇ.

ಇವರ ಆಫೀಸಿನಲ್ಲಿ ಧಾರವಾಡದ ದಾನಪ್ಪನವರು ಎಂದು ಇದ್ದಾರೆ. ಕಳೆದ ತಿಂಗಳು ಊರಿಗೆ ಹೋಗಿದ್ದವರು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡರಂತೆ. “ಪೇಪರ್ ಅಂಗಡ್ಯಾಗ ನಿಂತು ಒಂದು ಕನ್ನಡ ಪುಸ್ತಕ ತಿರುವಿ ಹಾಕಾಕತ್ತಿದ್ದ ವೈನಿ. ನಾ ಕಿಡಕ್ಯಾಗಿಂದ ಕರದೆ. ಅಷ್ಟರಾಗ ನಮ್ಮ ಬಸ್ಸು ಬಿಟ್ಟಬಿಡ್ತು” ಅಂದರು. ಮೇಲೆ ಯಾವ ಚಿತ್ರ ಇತ್ತು ಎಂದು ಕೇಳಿದೆ. ಅವರು ಹೇಳಿದ್ದು ನಿಮ್ಮ ಮಾಸಿಕದ ಮೇ ತಿಂಗಳ ಹೊದಿಕೆ. ನೀವು ಪ್ರತಿ ತಿಂಗಳೂ ಕಳಿಸುವ ಆ ಮಾಸಿಕದಲ್ಲೇ ನಾನು ಅವನಿಗೆ ಕನ್ನಡ ಓದಲು ಕಲಿಸಿದ್ದು. ನಾವಿಬ್ಬರೂ ಹುಬ್ಬಳ್ಳಿಗೆ ಹೋಗಿ ಹುಡುಕಿ ಬರಿಗೈಯಲ್ಲಿ ಬಂದೆವು.

ಪೇಪರಿನಲ್ಲಿ ಫೋಟೋ ಹಾಕಿಸಲು ಇವರು ಒಪ್ಪುವುದಿಲ್ಲ. ‘ತಾಯಿಗೆ ಹುಷಾರಿಲ್ಲ, ಎಲ್ಲಿದ್ದರೂ ಬಾ’ ಎಂಬಂಥ ಜಾಹೀರಾತುಗಳನ್ನು ಓದಿ ನಾನು, ನಾಣಿ ಕೂಡಿ ನಗುತ್ತಿದ್ದವರು. ಅದನ್ನು ಕಂಡರೆ ಈಗಲೂ ನಕ್ಕು ಮುಂದೆ ಹೋಗುತ್ತಾನೆ. ಅದಕ್ಕೇ ಒಂದು ಪ್ರಬಂಧ ಬರೆದಿದ್ದೇನೆ. ಹೆಸರು ‘ಬಾಗಿಲಿಗೆ ಕಡಿ ಹಾಕಿಲ್ಲ’. ಮೇಲೆ ನೋಡಿದರೆ ಅಡುಗೆಮನೆಯ ಹರಟೆ. ನನ್ನ ಹೆಸರು ಕಂಡರೆ ಅವನು ಓದಿಯೇ ಓದುತ್ತಾನೆ. ಕೊನೆಯ ಎರಡು ಸಾಲು ಮುಖ್ಯ. ಮಲಗುವ ಮುಂಚೆ ಇವರು ಬಾಗಿಲ ತನಕ ಹೋಗಿ, ಕಡಿ ಮುಟ್ಟಿ, ಹಾಕದೆ ವಾಪಸ್ಸು ಬರುತ್ತಾರೆ. ನಾನು ಕೇಳಿಲ್ಲ, ಅವರು ಹೇಳಿಲ್ಲ. ಅದೊಂದು ಅವನಿಗೆ ಗೊತ್ತಾದರೆ ಸಾಕು ಅಣ್ಣಯ್ಯ, ಬರುತ್ತಾನೆ.

ತಪ್ಪಿದ್ದರೆ ತಿದ್ದಿ ಹಾಕಿಸಿ.

ನಿಮ್ಮ ತಂಗಿ
ವಿಮಲಾ


ಮೈಸೂರು
೨೩ ಜೂನ್ ೧೯೮೬

ಚಿ. ಸೌ. ವಿಮಲಳಿಗೆ ಆಶೀರ್ವಾದಗಳು.

ನಾವು ಕ್ಷೇಮ. ಕಷ್ಟವಿದ್ದಾಗಲೂ ಆ ಸಾಲು ಬರೆಯಬೇಕಮ್ಮ. ಅದು ವರದಿಯಲ್ಲ, ಹಾರೈಕೆ.

ಪ್ರಬಂಧ ಓದಿ ನಿನ್ನ ಅತ್ತಿಗೆ ಕಣ್ಣೊರೆಸಿಕೊಂಡಳು. ನನಗೂ ಎದೆ ಭಾರವಾಯಿತು. ಆದರೆ ಎದೆ ಭಾರವಾದ ಮಾತ್ರಕ್ಕೆ ಪ್ರಬಂಧವಾಗುವುದಿಲ್ಲ ಎಂದು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ಸಂಪಾದಕರ ಕಣ್ಣು ನನ್ನದಕ್ಕಿಂತ ಚುರುಕು. ಮಾಸಿಕದ ಸಲಹಾ ಸಮಿತಿಯಲ್ಲಿರುವ ನಾನೇ ತಂಗಿಯ ಹಸಿ ಬರವಣಿಗೆ ಒಯ್ದುಕೊಟ್ಟೆ ಎಂದಾಗಬಾರದು.

ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೇನೆ, ಬೇಸರಪಡಬೇಡ. ‘ಪಾವು ಹುಳಿ’ ಎಂದು ಆರಂಭಿಸಿದ್ದೀಯೆ. ನಮ್ಮ ಕಡೆ ಪಾವು ಎಂದರೆ ಅಕ್ಕಿ ಅಳೆಯುವ ಪಾವು. ಓದುವವರು ಒಂದು ಪಾವಿನಷ್ಟು ಹುಳಿ ಎಂದುಕೊಂಡಾರು. ನಿಮ್ಮ ಊರಿನ ಬ್ರೆಡ್ಡು ಎಂದು ತಿಳಿಯಲು ನನಗೇ ಅರ್ಧ ಪುಟ ಬೇಕಾಯಿತು. ಇನ್ನು ‘ಬಾಗಿಲಿಗೆ ಕಡಿ’. ಇದು ಕಚ್ಚುವ ಕಡಿಯೋ, ಕೊಚ್ಚುವ ಕಡಿಯೋ? ಮರಾಠಿಯಿಂದ ಬಂದಿರಬೇಕು. ಚಿಲಕ ಎಂಬ ಒಳ್ಳೆಯ ಮಾತು ನಮ್ಮಲ್ಲೇ ಇದೆಯಲ್ಲ. ‘ಹೊರಟುಹೋದ’ ಎಂದು ಐದು ಕಡೆ ಬಂದಿದೆ. ಒಂದೆರಡು ಕಡೆ ‘ನಿರ್ಗಮಿಸಿದ’ ಎನ್ನಬಹುದು. ‘ನೆನಪಾಗುತ್ತೆ’ ಎಂಬಲ್ಲಿ ‘ಸ್ಮೃತಿಪಟಲದಲ್ಲಿ ಮೂಡುತ್ತದೆ’ ಎಂದರೆ ತೂಕ ಬರುತ್ತದೆ.

ಚೆನ್ನಾಗಿದ್ದರೆ ನಾಲ್ಕು ಜನ ಓದುತ್ತಾರೆ. ನಾಲ್ಕು ಜನ ಓದಿದರೆ ಯಾರ ಬಾಯಿಂದಾದರೂ ಅವನ ಕಿವಿಗೆ ಬೀಳುತ್ತದೆ. ಅದಕ್ಕೇ ಇಷ್ಟು ಹೇಳಿದೆ.

ನಿನ್ನ ಅಣ್ಣ
ಹಿರಿಯಣ್ಣ


ಗೋರೆಗಾಂವ್
೧೪ ಜುಲೈ ೧೯೮೬

ಪೂಜ್ಯ ಅಣ್ಣಯ್ಯನವರಿಗೆ ನಮಸ್ಕಾರ.

ಎರಡನೇ ಸಲ ಬರೆದು ಕಳಿಸುತ್ತಿದ್ದೇನೆ. ನೀವು ಹೇಳಿದ ಮುಕ್ಕಾಲು ಪಾಲು ಮಾಡಿದ್ದೇನೆ. ಉಳಿದ ಕಾಲು ಪಾಲಿಗೆ ಜಗಳವಿದೆ.

ನಿಮ್ಮ ನಾಲ್ಕು ಜನಕ್ಕಲ್ಲ ನಾನು ಬರೆದದ್ದು. ನಾಣಿ ಹುಟ್ಟಿ ಬೆಳೆದದ್ದು ಇಲ್ಲಿ. ಚಿಲಕ ಅಂದರೆ ಅವನಿಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಅದು ಕಡಿ. ಕೆಲಸದವಳಿಗೂ ಕಡಿ, ಹಾಲಿನವನಿಗೂ ಕಡಿ. ಸಂಜೆ ಮಿಕ್ಕಿದ ಪಾವನ್ನು ಬೆಳಿಗ್ಗೆ ಬಿಸಿ ಹುಳಿಗೆ ಹಾಕಿದ್ದಕ್ಕೆ ಪಾವು ಹುಳಿ ಎಂದು ಹೆಸರಿಟ್ಟವನು ಅವನೇ.

ಇನ್ನೊಂದು ಮಾತು. ಅವನು ಓದುವುದು ಹೇಗೆ ಎಂದು ನಿಮಗೆ ಗೊತ್ತಿಲ್ಲ. ‘ಅಮ್ಮ’, ‘ಅಪ್ಪ’, ‘ಅಕ್ಕ’ ಇಂಥ ಒತ್ತು ಸಲೀಸಾಗಿ ಓದುತ್ತಾನೆ. ಬೇರೆ ಅಕ್ಷರದ ಒತ್ತು ಬಂತೋ, ನಿಂತುಬಿಡುತ್ತಾನೆ. ಚಿಕ್ಕವನಿದ್ದಾಗ ‘ಸಂಸ್ಕೃತಿ’ ಎಂಬ ಮಾತಿಗೆ ಬೆರಳಿಟ್ಟು, “ಅಮ್ಮಾ, ಇದರ ಕೆಳಗೆ ಇನ್ನೊಂದು ಬಿಲ್ಡಿಂಗ್ ಇದೆ” ಅಂದಿದ್ದ. ಈಗಲೂ ಅಷ್ಟೇ. ನೀವು ಬರೆದ ಸ್ಮೃತಿಪಟಲವನ್ನು ಅವನು ದಾಟಲಾರ. ದಾಟಿದರೂ ಆ ಕಡೆ ನಾನು ಸಿಗುವುದಿಲ್ಲ. ನಮ್ಮಮ್ಮ ಹೀಗೆ ಮಾತಾಡುವುದಿಲ್ಲವಲ್ಲ ಎಂದುಕೊಳ್ಳುತ್ತಾನೆ.

ತಿದ್ದಿ, ಬೇಡವೆನ್ನುವುದಿಲ್ಲ. ಅವನ ಕೈಗೆಟುಕುವ ಹಾಗೆ ತಿದ್ದಿ.

ನಿಮ್ಮ ತಂಗಿ
ವಿಮಲಾ


ಮೈಸೂರು
೨ ಆಗಸ್ಟ್ ೧೯೮೬

ಚಿ. ಸೌ. ವಿಮಲಳಿಗೆ ಆಶೀರ್ವಾದಗಳು. ಕ್ಷೇಮ.

ಸಂಪಾದಕರಿಗೆ ತೋರಿಸಿದೆ. ದೀಪಾವಳಿ ಸಂಚಿಕೆಗೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಎಷ್ಟು ಜನ ಆ ಸಂಚಿಕೆಗೆ ಸಾಲುಗಟ್ಟಿ ನಿಂತಿರುತ್ತಾರೆ ಎಂದು ನಿನಗೆ ತಿಳಿಯದು. ಆದರೆ ಭಾಷೆ ಇನ್ನಷ್ಟು ಹದವಾಗಬೇಕು ಎಂದರು. ಮುಂಬಯಿಯ ಬೆರಕೆ ಮಾತು ಮೊದಲ ಪುಟದಲ್ಲೇ ಎದುರಾದರೆ ಓದುಗ ಪುಟ ಮಗುಚುತ್ತಾನಂತೆ. ನಿನ್ನ ಪಾವು ಹುಳಿಯನ್ನು ಹೇಗೋ ವಾದ ಮಾಡಿ ಉಳಿಸಿದ್ದೇನೆ.

ಕೊನೆಯ ಎರಡು ಸಾಲಿನ ಬಗ್ಗೆ ನಾನೇ ಹೇಳುತ್ತೇನೆ. ಇಡೀ ಪ್ರಬಂಧ ತಾಯಿಯದು. ತಂದೆ ಎಲ್ಲೂ ಇಲ್ಲ. ಕೊನೆಯಲ್ಲಿ ಥಟ್ಟನೆ ಬಂದು ಬಾಗಿಲ ಬಳಿ ನಿಲ್ಲುತ್ತಾರೆ. ಕಟ್ಟು ಸಡಿಲವಾಗುತ್ತದೆ. ‘ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿದ್ದೇನೆ’ ಎಂಬಲ್ಲಿಗೇ ಪ್ರಬಂಧ ಮುಗಿದಿದೆಯಮ್ಮ. ಮುಗಿದ ಮೇಲೆ ಇನ್ನೂ ಎರಡು ಸಾಲು ಹೇಳುವುದು ಹೊಸಬರೆಲ್ಲ ಮಾಡುವ ತಪ್ಪು. ಯೋಚಿಸು.

ನಿನ್ನ ಅಣ್ಣ
ಹಿರಿಯಣ್ಣ


ಗೋರೆಗಾಂವ್
೨೦ ಆಗಸ್ಟ್ ೧೯೮೬

ಪೂಜ್ಯ ಅಣ್ಣಯ್ಯನವರಿಗೆ ನಮಸ್ಕಾರ.

ಇದು ಮೂರನೆಯದು. ಒಂದು ವಿಚಿತ್ರ ಹೇಳುತ್ತೇನೆ, ನಗಬೇಡಿ. ನಿಮ್ಮ ಕೆಂಪು ಗುರುತುಗಳನ್ನೆಲ್ಲ ಸೇರಿಸಿ ಬರೆದು ಮುಗಿಸಿ, ಒಂದು ಸಲ ಗಟ್ಟಿಯಾಗಿ ಓದಿದೆ. ಚೆನ್ನಾಗಿದೆ ಅನ್ನಿಸಿತು. ಯಾರೋ ದೊಡ್ಡ ಲೇಖಕಿ ಬರೆದ ಹಾಗೆ. ಇನ್ನೊಂದು ಸಲವೂ ಓದಿದೆ. ಅರ್ಧ ಗಂಟೆ ನಾಣಿಯ ನೆನಪೇ ಬರಲಿಲ್ಲ. ಆಮೇಲೆ ನಾಚಿಕೆಯಾಗಿ ಎದ್ದು ಪಾತ್ರೆ ತೊಳೆಯಲು ಹೋದೆ.

ಭಾಷೆಯಲ್ಲಿ ನೀವು ಗೆದ್ದಿರಿ. ಚಿಲಕ ಎಂದೇ ಬರೆದಿದ್ದೇನೆ, ತಲೆಬರಹವನ್ನೂ ನೀವೇ ಬೇರೆ ಇಡಿ. ಆದರೆ ಕೊನೆಯ ಎರಡು ಸಾಲು ಬಿಡಲಾರೆ. ಕಟ್ಟು ಸಡಿಲವಾದರೆ ಆಗಲಿ.

ಕಾರಣ ಕೇಳಿ. ಮೊನ್ನೆ ಭಾನುವಾರ ತರಕಾರಿ ತೆಗೆದುಕೊಂಡು ಬಂದು ನೋಡುತ್ತೇನೆ, ಮೇಜಿನ ಮೇಲೆ ಪ್ರಬಂಧದ ಹಾಳೆ ಬೇರೆ ಜಾಗದಲ್ಲಿತ್ತು, ಮೇಲೆ ಇವರ ಕನ್ನಡಕ. ಓದಿದ್ದಾರೆ. “ಬೆಂಡೆಕಾಯಿ ಬಲಿತಿದೆ” ಅಂದರು, ಅಷ್ಟೇ. ಆದರೆ ಬಾಗಿಲಿನ ಸಾಲನ್ನು ಹೊಡೆದು ಹಾಕಿರಲಿಲ್ಲ. ಪೆನ್ನು ಪಕ್ಕದಲ್ಲೇ ಇತ್ತು. ಇವರ ಮಟ್ಟಿಗೆ ಅದು ದೊಡ್ಡ ಮಾತು. ಮಗನಿಗೆ ಇವರು ಬರೆಯಬಹುದಾದ ಕಾಗದ ಅದೊಂದೇ.

ನಿಮ್ಮ ತಂಗಿ
ವಿಮಲಾ


ಮೈಸೂರು
೧೩ ಅಕ್ಟೋಬರ್ ೧೯೮೬

ಚಿ. ಸೌ. ವಿಮಲಳಿಗೆ ಆಶೀರ್ವಾದಗಳು. ಎಲ್ಲರೂ ಕ್ಷೇಮ.

ವಿಶೇಷಾಂಕದ ಎರಡು ಪ್ರತಿ ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಸಂಚಿಕೆ ಆಗಲೇ ಅಂಗಡಿಗಳಲ್ಲಿದೆ. ನಿನ್ನದು ಬಲಗಡೆಯ ಪುಟದಿಂದ ಶುರುವಾಗುತ್ತದೆ. ಅದು ಮರ್ಯಾದೆಯ ಜಾಗ. ನಾನೇ ತಲೆಬರಹ ಇಟ್ಟೆ: ‘ಅಗಲಿದ ಮಗನಿಗೆ’. ಎರಡೇ ಮಾತು, ಅಚ್ಚಗನ್ನಡ, ನೀನು ಹೇಳಿದ ಕಷ್ಟದ ಒತ್ತೂ ಇಲ್ಲ. ದೀಪಾವಳಿ ಸಂಚಿಕೆಯಲ್ಲವೇ, ಕಲಾವಿದರು ಮೇಲೆ ಒಂದೇ ಒಂದು ಹಣತೆಯ ಚಿತ್ರ ಬರೆದಿದ್ದಾರೆ. ಬಹಳ ಗಂಭೀರವಾಗಿ ಬಂದಿದೆ.

ಕೊನೆಯ ಎರಡು ಸಾಲು ಪುಟದಲ್ಲಿ ಹಿಡಿಸಲಿಲ್ಲವೆಂದು ಸಂಪಾದಕರು ತೆಗೆದರು. ಕೇಳಿದಾಗ ನಾನೂ ಹೂಂ ಎಂದೆ. ಓದಿ ನೋಡು, ನಿನಗೂ ಸರಿಯೆನ್ನಿಸುತ್ತದೆ. ಇಲ್ಲಿ ಎಲ್ಲರೂ ಹೊಗಳುತ್ತಿದ್ದಾರೆ.

ನಿನ್ನ ಅಣ್ಣ
ಹಿರಿಯಣ್ಣ


ಗೋರೆಗಾಂವ್
೨೭ ಅಕ್ಟೋಬರ್ ೧೯೮೬

ಅಣ್ಣಯ್ಯನವರಿಗೆ,

ನಿಮ್ಮ ಕಾಗದ, ಪುಸ್ತಕ ಎರಡೂ ಬಂದವು. ಅದಕ್ಕೂ ಮುಂಚೆ ರಮಾಮಣಿ ಬಂದರು. ಪಕ್ಕದ ಬಿಲ್ಡಿಂಗಿನವರು, ತುಮಕೂರಿನ ಕಡೆಯವರು, ಕನ್ನಡ ಸಂಘದಲ್ಲಿ ಪುಸ್ತಕ ಓದಿ ನೇರ ಇಲ್ಲಿಗೇ ಬಂದಿದ್ದರು. ಬಾಗಿಲು ತೆರೆದದ್ದೇ ಒಳಗೆ ಬಂದು ನೆಲದ ಮೇಲೆ ಕೂತು ಅತ್ತರು. ಆಮೇಲೆ ನನ್ನ ಕೈ ಹಿಡಿದು ಕೇಳಿದರು: “ಯಾವಾಗ ಸುದ್ದಿ ಬಂತು ವಿಮಲಾ? ನಮಗೂ ಒಂದು ಮಾತು ಹೇಳಬಾರದಿತ್ತಾ?”

ನನಗೆ ಅರ್ಥವಾಗಲಿಲ್ಲ. ಅವರು ಪುಸ್ತಕ ಬಿಡಿಸಿ ತೋರಿಸಿದರು. ಅಗಲಿದ ಮಗನಿಗೆ. ಮೇಲೆ ಒಂದು ದೀಪ.

ಅಣ್ಣಯ್ಯ, ನೀವು ಪೇಪರ್ ಓದುವುದಿಲ್ಲವೇ? ಫೋಟೋ ಹಾಕಿ, ದೀಪ ಹಾಕಿ, ‘ನಮ್ಮನ್ನು ಅಗಲಿದ’ ಎಂದು ಯಾರ ಬಗ್ಗೆ ಬರೆಯುತ್ತಾರೆ?

ಇವರು ಆಫೀಸಿನಿಂದ ಬಂದು, ಚಹಾ ಕುಡಿಯದೆ, ನಿಂತೇ ಓದಿದರು. ಕೊನೆಗೆ ಬಂದು ಪುಟ ತಿರುವಿ ನೋಡಿದರು. ಆ ಕಡೆ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಮತ್ತೆ ಹಿಂದಕ್ಕೆ ತಿರುವಿದರು. ತಮ್ಮ ಸಾಲು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಪುಸ್ತಕ ಮುಚ್ಚಿಟ್ಟು ಕೈಕಾಲು ತೊಳೆಯಲು ಹೋದರು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸಿ. ಮಗ ಬದುಕಿದ್ದಾನೆ ಎಂದು ಬರೆಯಿಸಿ. ಬಾಗಿಲಿನ ಎರಡು ಸಾಲು ಹಾಕಿಸಿ. ನನಗೆ ಭಯವಾಗುತ್ತಿದೆ.

ವಿಮಲಾ


ಮೈಸೂರು
೧೦ ನವೆಂಬರ್ ೧೯೮೬

ಚಿ. ಸೌ. ವಿಮಲಳಿಗೆ ಆಶೀರ್ವಾದಗಳು. ಕ್ಷೇಮ.

ನೀನು ಸುಮ್ಮನೆ ಗಾಬರಿಯಾಗಿದ್ದೀಯೆ. ಅಗಲು ಎಂದರೆ ಬೇರೆಯಾಗು, ದೂರವಾಗು. ಹಳೆಯ ಕಾವ್ಯಗಳಲ್ಲೆಲ್ಲ ಹಾಗೆಯೇ ಇದೆ. ನಿಘಂಟು ತೆಗೆದು ಇನ್ನೊಮ್ಮೆ ಖಚಿತ ಮಾಡಿಕೊಂಡೆ. ಪತ್ರಿಕೆಗಳವರು ಒಂದು ಒಳ್ಳೆಯ ಮಾತನ್ನು ಶ್ರದ್ಧಾಂಜಲಿಗೆ ಮೀಸಲು ಮಾಡಿದ್ದರೆ ಅದು ಮಾತಿನ ತಪ್ಪಲ್ಲ. ದೀಪವೂ ಹಬ್ಬದ ದೀಪ.

ಆದರೂ ನಿನ್ನ ಸಮಾಧಾನಕ್ಕೆ ಸಂಪಾದಕರನ್ನು ಕೇಳಿದೆ. ಡಿಸೆಂಬರ್ ಸಂಚಿಕೆ ಅಚ್ಚಿಗೆ ಹೋಗಿಬಿಟ್ಟಿದೆ. ಜನವರಿಯಲ್ಲಿ ಒಂದು ಟಿಪ್ಪಣಿ ಹಾಕುತ್ತಾರಂತೆ. ನಾಣಿ ಜಾಣ. ತಾಯಿಯ ಮನಸ್ಸು ಅವನಿಗೆ ತಿಳಿಯದೇ?

ನಿನ್ನ ಅಣ್ಣ
ಹಿರಿಯಣ್ಣ


ಹುಬ್ಬಳ್ಳಿ
೨ ಡಿಸೆಂಬರ್ ೧೯೮೬

ಶ್ರೀಮತಿ ವಿಮಲಾ ವೆಂಕಟಸುಬ್ಬಯ್ಯ ಅವರಿಗೆ,

ನಾನು ಇಲ್ಲಿಯ ಪ್ರಾಥಮಿಕ ಶಾಲೆಯ ಮಾಸ್ತರ. ತಮ್ಮ ವಿಳಾಸ ತಿಳಿಯದೆ ಪತ್ರಿಕೆಯ ಕಚೇರಿಗೆ ಕಳಿಸುತ್ತಿದ್ದೇನೆ. ನಾನು ಊಟಕ್ಕೆ ಹೋಗುವ ಖಾನಾವಳಿಯ ಬಸಲಿಂಗವ್ವ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

“ಯವ್ವಾ, ನಿನ್ನ ಮಗಾ ಬ್ಯಾಸಗಿಯಿಂದ ನನ್ನ ಖಾನಾವಳಿಯಾಗ ಇದ್ದ. ಬಡಸತಿದ್ದ, ಸಂತಿಗೆ ಹೋಗಿ ಬರತಿದ್ದ. ಬಾಳ ಚೊಲೋ ಹುಡುಗ. ನಿಮ್ಮನಿ ಎಲ್ಲೈತೋ ಅಂದ್ರ ನಕ್ಕ ಸುಮ್ಮನಾಗತಿದ್ದ. ತಿಂಗಳಾ ತಿಂಗಳಾ ಒಂದು ಪುಸ್ತಕ ತಂದು ಒಂದೊಂದ ಅಕ್ಷರಾ ಕೂಡಿಸಿ ಓದತಿದ್ದ. ದೀಪಾವಳಿ ಪುಸ್ತಕ ತಂದ ದಿನಾ ಓಡಿಕೋತ ಬಂದ. ‘ಅಜ್ಜೀ, ನಮ್ಮಮ್ಮನ ಹೆಸರು ಪ್ರಿಂಟ್ ಆಗಿದೆ’ ಅಂದ. ಅವನ ಮಾರಿ ಮ್ಯಾಲ ಅಂಥಾ ನಗಿ ನಾ ಎಂದೂ ನೋಡಿದ್ದಿಲ್ಲ. ಕುಂತು ಓದಿದ, ನಿಂತು ಓದಿದ, ತಿಳೀಲಿಲ್ಲ. ಆಮ್ಯಾಲೆ ಮಾಸ್ತರಗ ಓದಿ ಹೇಳ್ರಿ ಅಂತ ಕೊಟ್ಟ.”

ಇಲ್ಲಿಂದ ನನ್ನ ಮಾತು. ಅದು ಅವನ ತಾಯಿ ಬರೆದದ್ದೆಂದು ನನಗೆ ಗೊತ್ತಿರಲಿಲ್ಲ. ಓದಿ ಅರ್ಥ ಹೇಳಿದೆ. ಅಗಲಿದ ಎಂದರೇನು ಎಂದು ಕೇಳಿದ. ತೀರಿಕೊಂಡವರಿಗೆ ಹಾಗೆ ಬರೆಯುತ್ತಾರೆ, ನೋಡು ದೀಪವೂ ಇದೆ, ಎಂದೆ. ಹುಡುಗ ಕೊನೆಯ ಪುಟ ತಿರುವಿ, “ಸರ್, ಲಾಸ್ಟಲ್ಲಿ ಅವರಪ್ಪನ ಬಗ್ಗೆ ಏನಾದ್ರೂ ಇದೆಯಾ?” ಎಂದ. ಇನ್ನೊಮ್ಮೆ ನೋಡಿ, ಇಲ್ಲವೆಂದೆ.

ಆ ಮೇಲಿನದನ್ನು ಬಸಲಿಂಗವ್ವನೇ ಹೇಳಬೇಕು. “ಒಳಗ ಬಂದು ‘ಅಪ್ಪ ಬಾಯಲ್ಲಿ ಹೇಳಿದ್ರು ಅಜ್ಜಿ, ಅಮ್ಮ ಪ್ರಿಂಟೇ ಮಾಡಿಸಿಬಿಟ್ಟಳು’ ಅಂದ. ನನಗ ಬಗಿಹರೀಲಿಲ್ಲ. ಮುಂಜಾನೆ ಯಾವದೋ ಲಾರಿ ಹತ್ತಿ ಹ್ವಾದ. ಪುಸ್ತಕಾ ಇಲ್ಲೇ ಬಿಟ್ಟಾನ. ಬೇಕೇನೋ ಅಂತ ಕೇಳಿದ್ರ, ಇನ್ನ ಕನ್ನಡಾ ಓದೂದಿಲ್ಲ ಅಂದ.”

ಆ ಪುಟಗಳನ್ನು ಇದರ ಜೊತೆ ಇಟ್ಟಿದ್ದೇನೆ. ತಿಳಿಯದ ಮಾತುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾನೆ. ಎಲ್ಲಿಗೆ ಹೋದನೋ ತಿಳಿಯದು. ಇಲ್ಲಿಯ ಲಾರಿಯವರನ್ನೆಲ್ಲ ಕೇಳಿ ನೋಡಿದೆ.

ಸಂಗಪ್ಪ


ಗೋರೆಗಾಂವ್
೨೯ ಡಿಸೆಂಬರ್ ೧೯೮೬

ಅಣ್ಣಯ್ಯನವರಿಗೆ,

ಹುಬ್ಬಳ್ಳಿಯ ಕಾಗದವನ್ನು ನೀವು ಒಡೆಯದೆ ಕಳಿಸಿದ್ದೀರಿ. ನಾನು ಒಡೆದು ಓದಿ, ಅದನ್ನೂ ಪುಟಗಳನ್ನೂ ನಿಮಗೇ ಕಳಿಸುತ್ತಿದ್ದೇನೆ. ಸಂಗಪ್ಪ ಮಾಸ್ತರರ ತಪ್ಪೇನಿಲ್ಲ, ಇದ್ದ ಮಾತಿಗೆ ಇದ್ದ ಅರ್ಥ ಹೇಳಿದ್ದಾರೆ. ಪೆನ್ಸಿಲ್ ಗೆರೆ ನೋಡಿ. ಗೆರೆ ಬಿದ್ದದ್ದೆಲ್ಲ ನಿಮ್ಮ ಮಾತು. ನಡುನಡುವೆ ಗೆರೆಯಿಲ್ಲದೆ ಉಳಿದದ್ದು ನನ್ನದು. ‘ಪಾವು ಹುಳಿ’ಯ ಪಕ್ಕದಲ್ಲಿ ಮಾತ್ರ ಅವನು ಒಂದು ಸಣ್ಣ ಗುಂಡು ಮುಖ ಬರೆದಿದ್ದಾನೆ, ನಗುವ ಮುಖ. ಅಷ್ಟು ಹೊತ್ತು ಅವನು ನನ್ನ ಹತ್ತಿರ ಇದ್ದ.

ನಿಮ್ಮ ಮೇಲೆ ಸಿ‌ಟ್ಟಿಲ್ಲ ಎಂದು ಬರೆದರೆ ಅದೂ ‘ಇತ್ತ ಕ್ಷೇಮ’ದ ಹಾಗೆ ಆಗುತ್ತದೆ. ಸಿಟ್ಟಿದೆ. ನಿಮ್ಮ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಚೆನ್ನಾಗಿದೆ ಅಂದುಕೊಂಡು ಎರಡೆರಡು ಸಲ ಓದಿದವಳು ನಾನು.

ಇವರಿಗೆ ಕಾಗದ ತೋರಿಸಿದೆ. “ಅವರಪ್ಪನ ಬಗ್ಗೆ ಏನಾದ್ರೂ ಇದೆಯಾ” ಎಂಬಲ್ಲಿ ಬೆರಳಿಟ್ಟು, “ಇತ್ತು ಅಂತ ಹೇಳೋರು ಯಾರೂ ಇರಲಿಲ್ಲವಾ ಅಲ್ಲಿ?” ಅಂದರು. ಮದುವೆಯಾದಾಗಿನಿಂದ ಇವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಇನ್ನೊಂದು ಬರೆದಿದ್ದೇನೆ. ಒಂದೇ ಒಂದು ಕಷ್ಟದ ಒತ್ತಿಲ್ಲ, ಹುಡುಕಿ ಹುಡುಕಿ ತೆಗೆದಿದ್ದೇನೆ. ಅವನು ಇನ್ನು ಓದುವುದಿಲ್ಲ ಎಂದಿದ್ದಾನೆ, ನನಗೆ ಗೊತ್ತು. ಆದರೂ ಆ ಟಿಪ್ಪಣಿಯ ಬದಲು ಇದನ್ನೇ ಹಾಕಿಸಿ. ಇದರಲ್ಲಿ ನೀವು ಒಂದಕ್ಷರ ಮುಟ್ಟಿದರೆ ನಾನು ನಿಮ್ಮ ತಂಗಿಯಲ್ಲ.

ವಿಮಲಾ

ನಾಣಿ,

ಇದು ನಿನಗೆ. ನೀನೇ ಓದು, ಬೇರೆಯವರಿಗೆ ಕೊಡಬೇಡ.

ಹೋದ ಸಲ ಬರೆದದ್ದು ಪೂರಾ ನನ್ನ ಮಾತಲ್ಲ. ಅಗಲಿದ ಅಂದರೆ ದೂರ ಹೋದ ಅಂತ. ಬೇರೆ ಏನೂ ಅಲ್ಲ. ನೀನು ಇದ್ದೀಯ, ನಮಗೆ ಗೊತ್ತು.

ಈಗಲೂ ಪಾವು ಮಿಕ್ಕಿದರೆ ಹುಳಿಗೆ ಹಾಕುತ್ತೇನೆ. ಇಬ್ಬರೇ ಕೂತು ತಿಂದರೆ ಅದೂ ಮಿಕ್ಕುತ್ತದೆ. ಪಾಸಾಗದೆ ಇದ್ದರೆ ಏನು, ಈ ಊರಲ್ಲಿ ಎಲ್ಲರೂ ಪಾಸಾಗಿದ್ದಾರಾ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿದ್ದೇನೆ.

ಅಪ್ಪ ಅವತ್ತು ಒಂದು ಮಾತು ಆಡಿದರು. ಆಮೇಲೆ ಮಾತೇ ಕಡಿಮೆ ಮಾಡಿದ್ದಾರೆ. ದಿನಾ ಮಲಗುವ ಮುಂಚೆ ಬಾಗಿಲ ತನಕ ಹೋಗಿ, ಕಡಿ ಮುಟ್ಟಿ, ಹಾಕದೆ ಬರುತ್ತಾರೆ. ನಾನು ಕೇಳಿಲ್ಲ. ಅವರು ಹೇಳಿಲ್ಲ.

ಬಂದಾಗ ಬೆಳಕಿರಲಿ, ಕತ್ತಲಿರಲಿ, ಕೂಗಬೇಡ, ಕಾಯಬೇಡ, ಒಳಗೆ ಬಾ.

ಬಾಗಿಲಿಗೆ ಕಡಿ ಹಾಕಿಲ್ಲ.

ಅಮ್ಮ


ಮೈಸೂರು
೧೮ ಫೆಬ್ರವರಿ ೧೯೮೭

ವಿಮಲಾ,

ಅಕ್ಷರಕ್ಕೆ ಅಕ್ಷರ ಹಾಗೆಯೇ ಅಚ್ಚಾಗಿದೆ. ಕರಡು ನಾನೇ ನೋಡಿದೆ. ಆದರೆ ಮಾತು ಸರಳವಾಗಿದೆ, ಕಷ್ಟದ ಒತ್ತಕ್ಷರವಿಲ್ಲ ಎಂದು ಸಂಪಾದಕರು ಅದನ್ನು ಮಕ್ಕಳ ಪುಟಕ್ಕೆ ಹಾಕಿಬಿಟ್ಟರು. ಬೇರೆ ಪುಟ ಕೊಡಿ ಎಂದು ಜಗಳವಾಡಿದೆ. ಆಗಲಿಲ್ಲ. ಪಕ್ಕದಲ್ಲಿ ಚುಕ್ಕೆ ಸೇರಿಸಿ ಬಾತುಕೋಳಿ ಬಿಡಿಸುವ ಚಿತ್ರವಿದೆ. ನಿನಗೆ ಇದನ್ನು ಹೇಗೆ ತಿಳಿಸಲಿ ಎಂದು ಒಂದು ವಾರ ಕಾಗದ ಬರೆಯದೆ ಕೂತಿದ್ದೆ.

ಪೆನ್ಸಿಲ್ ಗೆರೆಯ ಪುಟಗಳು ನನ್ನ ಮೇಜಿನ ಮೇಲಿವೆ. ಕೆಂಪು ಶಾಯಿಯ ಬಾಟಲಿಯನ್ನು ನಿನ್ನ ಅತ್ತಿಗೆಗೆ ಕೊಟ್ಟುಬಿಟ್ಟಿದ್ದೇನೆ. ಕ್ಷೇಮದ ಸಾಲನ್ನು ಈ ಸಲ ನಾನೂ ಬರೆದಿಲ್ಲ.

ಹಿರಿಯಣ್ಣ


ಮೈಸೂರು
೪ ಏಪ್ರಿಲ್ ೧೯೯೧

ಚಿ. ಸೌ. ವಿಮಲಳಿಗೆ ಆಶೀರ್ವಾದಗಳು.

ಇಷ್ಟು ವರ್ಷ ನಿನ್ನಿಂದ ಹಬ್ಬಕ್ಕೊಂದು ಕಾರ್ಡು ಬಿಟ್ಟರೆ ಏನೂ ಬರಲಿಲ್ಲ. ನಾನೂ ಕೇಳಲಿಲ್ಲ. ಸುದ್ದಿಯಿದ್ದಿದ್ದರೆ ನೀನೇ ತಿಳಿಸುತ್ತಿದ್ದೆ.

ಮಾಸಿಕದವರು ಆಯ್ದ ಪ್ರಬಂಧಗಳ ಒಂದು ಪುಸ್ತಕ ತರುತ್ತಿದ್ದಾರೆ. ಆರಿಸುವ ಕೆಲಸ ನನ್ನದು. ನಿನ್ನದು ಇರಲೇಬೇಕೆಂದೆ. ದೀಪಾವಳಿಯದಲ್ಲ, ಮಕ್ಕಳ ಪುಟದ್ದು. ನಾನು ಇಷ್ಟು ಕಾಲ ಓದಿದ್ದರಲ್ಲಿ ಅದರಂಥದ್ದು ಇನ್ನೊಂದಿಲ್ಲ ಎಂದು ಈಗ ತಿಳಿದಿದೆ. ಪುಸ್ತಕದ ಕೊನೆಗೆ ಹಾಕಿದ್ದೇನೆ, ಏಕೆಂದರೆ ಅದರ ಕೊನೆಯ ಸಾಲಿನ ಮೇಲೆ ಪುಸ್ತಕ ಮುಗಿಯಬೇಕು. ನಾನು ಮುಟ್ಟಿಲ್ಲ. ಕರಡಚ್ಚು ಇಟ್ಟಿದ್ದೇನೆ. ತಿದ್ದುವುದಿದ್ದರೆ ನೀನೇ ತಿದ್ದು.

ನಿನ್ನ ಅಣ್ಣ
ಹಿರಿಯಣ್ಣ


ಡೊಂಬಿವಲಿ
೨ ಮೇ ೧೯೯೧

ಪೂಜ್ಯ ಅಣ್ಣಯ್ಯನವರಿಗೆ ವಿಮಲಾ ಮಾಡುವ ನಮಸ್ಕಾರಗಳು.

ಮೇಲಿನ ಊರು ನೋಡಿ ತಪ್ಪಾಗಿ ಬರೆದಳೆಂದುಕೊಳ್ಳಬೇಡಿ. ಇವರು ಮಾರ್ಚಿನಲ್ಲಿ ರಿಟೈರಾದರು. ಗೋರೆಗಾಂವಿನದು ಆಫೀಸಿನ ಕ್ವಾರ್ಟರ್ಸ್, ಬಿಡಲೇಬೇಕು. ಇನ್ನು ಸ್ವಲ್ಪ ದಿನ ಇರಲು ಕೊಡಿ ಎಂದು ಇವರು ಅರ್ಜಿ ಹಾಕಿದ್ದರು. ಕಾರಣ ಎಂಬಲ್ಲಿ ಏನು ಬರೆಯಬೇಕೋ ತಿಳಿಯದೆ ‘ವೈಯಕ್ತಿಕ’ ಎಂದು ಬರೆದರು. ಆಗುವುದಿಲ್ಲ ಎಂದು ಉತ್ತರ ಬಂತು. ಮೈಸೂರಿಗೇ ಬರಬಾರದಿತ್ತೇ ಎಂದು ನೀವು ಕೇಳಬಹುದು. ಅವನು ಹುಡುಕಿಕೊಂಡು ಬಂದರೆ ಮುಂಬಯಿಗೇ ಅಲ್ಲವೇ ಬರುವುದು. ಅದಕ್ಕೇ ಮುಂಬಯಿಯ ಅಂಚಿನ ಈ ಊರಲ್ಲಿ ಒಂದು ಕೋಣೆ ಹಿಡಿದಿದ್ದೇವೆ.

ಗೋರೆಗಾಂವಿನ ಮನೆಗೆ ಬಂದವರು ನಾಗಪುರದ ಕಡೆಯ ಸಂಸಾರ. ಹೆಂಗಸು ಒಳ್ಳೆಯವಳು. ನಮ್ಮ ಹೊಸ ವಿಳಾಸ ಬರೆದುಕೊಟ್ಟು, ನಾರಾಯಣ ಎಂದು ಯಾರಾದರೂ ಬಂದರೆ ಕೊಡಿ ಎಂದೆ. “ಹಾಂ ಆಂಟಿ, ಜರೂರ್” ಎಂದು ಹಾಲಿನ ಕಾರ್ಡಿನ ಕೆಳಗೆ ಇಟ್ಟಳು. ಅಲ್ಲಿಂದ ಅದು ಎಷ್ಟು ದಿನ ಹಾರದೆ ಇರುತ್ತದೆಯೋ.

ಸಾಮಾನಿನ ಟೆಂಪೋ ಕೆಳಗೆ ನಿಂತಿತ್ತು. ಇವರು ಕೊನೆಯ ಸಲ ಬಾಗಿಲ ಹತ್ತಿರ ನಿಂತು ಕಡಿ ಮುಟ್ಟಿ ಬಂದರು. ನಾವು ಒಂದು ಮಹಡಿ ಇಳಿದಿದ್ದೆವು, ಅಷ್ಟರಲ್ಲಿ ಮೇಲೆ ಆ ಹೆಂಗಸು ಒಳಗಿನಿಂದ ಕಡಿ ಹಾಕಿಕೊಂಡ ಸದ್ದು ಕೇಳಿಸಿತು. ಅವಳ ತಪ್ಪೇನು, ಮನೆ ಅವಳದು. ಇವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಟೆಂಪೋದವನು ಹಾರನ್ ಹೊಡೆಯುತ್ತಲೇ ಇದ್ದ.

ಕರಡಚ್ಚು ನೋಡಿದೆ. ಎಲ್ಲ ಸರಿಯಾಗಿದೆ. ಒಂದೇ ಒಂದು ತಿದ್ದುಪಡಿ. ಕೊನೆಯ ಸಾಲು ತೆಗೆದುಬಿಡಿ. ಅದಿಲ್ಲದೆಯೂ ಪ್ರಬಂಧ ಮುಗಿಯುತ್ತದೆ ಎಂದು ನೀವು ಆಗಲೇ ಹೇಳಿದ್ದಿರಿ.

ನಿಮ್ಮ ತಂಗಿ
ವಿಮಲಾ